ಇನ್ನೂರ ಹದಿನಾಲ್ಕನೇ ಸಾಲು

ಮದುವೆಯಾಗಬೇಕೆಂದು ಗಂಡಸರು ಏನೇನೋ ಮಾಡುತ್ತಾರೆ. ಕೆಲವರು ಕೂದಲಿಗೆ ಬಣ್ಣ ಹಚ್ಚುತ್ತಾರೆ, ಕೆಲವರು ಗುಟ್ಕಾ ಬಿಡುತ್ತಾರೆ. ಯೋಗೀಶ್ ಒಂದು ಸಾಲು ಕೋಡ್ ಬರೆದ.

ತಿಪಟೂರಿನ ಹೊರಗಿನ ಸರ್ಕಾರಿ ಕೊಬ್ಬರಿ ಖರೀದಿ ಕೇಂದ್ರದಲ್ಲಿ ಅವನು ಗುತ್ತಿಗೆಯ ಕಂಪ್ಯೂಟರ್ ನೌಕರ. ಬಂದ ರೈತರಿಗೆ ಸರದಿ ಪ್ರಕಾರ ಟೋಕನ್ ಕೊಡುವ ಪ್ರೋಗ್ರಾಮು ಬರೆದವನೂ ಅವನೇ. ಅದರ ಇನ್ನೂರ ಹದಿನಾಲ್ಕನೇ ಸಾಲು ಮಾತ್ರ ಸರ್ಕಾರ ಹೇಳಿ ಬರೆಸಿದ್ದಲ್ಲ. ಬಂದವರ ಹೆಸರು ತೋಂಟದಾರ್ಯ ಎಂದಿದ್ದರೆ, ಅವರು ಎಷ್ಟು ಹೊತ್ತಿಗಾದರೂ ಬರಲಿ, ಅವರಿಗೆ ಒಂದನೇ ಟೋಕನ್ ಕೊಡು ಎಂದು ಆ ಸಾಲು ಯಂತ್ರಕ್ಕೆ ಹೇಳುತ್ತಿತ್ತು.

ತೋಂಟದಾರ್ಯರಿಗೆ ಹಾಲ್ಕುರಿಕೆಯಲ್ಲಿ ಒಂದು ತೆಂಗಿನ ತೋಟ, ತುರುವೇಕೆರೆ ಕಡೆ ದಬ್ಬೇಘಟ್ಟದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೂ ಅವರ ಒಣಜಂಬದಷ್ಟು ವಿಸ್ತೀರ್ಣ ಆಗುತ್ತಿರಲಿಲ್ಲ. ಅವರ ಮಗಳು ಭಾನುಪ್ರಿಯಾ. ಯೋಗೀಶನ ಫೋಟೋ ನೋಡಿ ಅವಳು "ಪರವಾಗಿಲ್ಲ" ಅಂದಿದ್ದಳು. ಒಪ್ಪಬೇಕಾದವರು ಅಪ್ಪ. ಈ ಹಂಗಾಮಿನಲ್ಲಿ ಮೂರು ಸಲ ಕೊಬ್ಬರಿ ತಂದು ಮೂರು ಸಲವೂ ಒಂದನೇ ಟೋಕನ್ ಪಡೆದ ಮೇಲೆ ಅವರು, "ದೊಡ್ಡೋರು ಯಾರು ಅಂತ ಗೊತ್ತಿರೋ ಹುಡುಗ ಕಣಯ್ಯ ನೀನು. ಗುರುವಾರ ಕೊಬ್ಬರಿ ಹಾಕಿ, ಹಂಗೇ ನಿಮ್ಮನೇಗೆ ಮಾತಿಗೆ ಬತ್ತೀನಿ" ಅಂದಿದ್ದರು.

ಆ ಗುರುವಾರ ಬೆಳಿಗ್ಗೆಯೇ ಬೆಂಗಳೂರಿನಿಂದ ಆದೇಶ ಬಂತು. ಕೇಂದ್ರದ ಮ್ಯಾನೇಜರ್ ಗಂಗಾಧರಯ್ಯ ಕನ್ನಡಕ ಏರಿಸಿಕೊಂಡು ಓದಿದರು. ಸರ್ಕಾರದ ಹಣದಲ್ಲಿ ಬರೆದ ಕೋಡೆಲ್ಲ ಸಾರ್ವಜನಿಕರ ಸ್ವತ್ತು. ಇಂದೇ ಅದನ್ನು ರಾಜ್ಯದ ಕೋಡ್ ಭಂಡಾರಕ್ಕೆ ಹಾಕತಕ್ಕದ್ದು. ಯಾರು ಬೇಕಾದರೂ ನೋಡಬಹುದು, ಇಳಿಸಿಕೊಂಡು ಬಳಸಬಹುದು. ಭಂಡಾರದಲ್ಲಿ ಇರುವುದೇ ಕೇಂದ್ರದ ಯಂತ್ರದಲ್ಲೂ ಓಡತಕ್ಕದ್ದು.

ಯೋಗೀಶ್ ಮೌಸಿನಿಂದ ಕೈ ತೆಗೆದ. "ನಾಳೆ ಹಾಕಾಣ ಸಾರ್. ಒಸಿ ಕ್ಲೀನ್ ಮಾಡ್ಬೇಕು."

"ಕ್ಲೀನ್ ಮಾಡಕ್ಕೆ ಅದೇನು ಕೊಬ್ಬರಿನೇನಯ್ಯ? ಒತ್ತು! ಜಿಲ್ಲೆಗೆಲ್ಲ ನಾವೇ ಫಸ್ಟ್ ಆಗ್ಬೇಕು."

ಗಂಗಾಧರಯ್ಯ ಹೆಗಲ ಮೇಲೆ ಬಾಗಿ ನಿಂತಿದ್ದರು. ಒಂಬತ್ತೂವರೆಗೆ ಯೋಗೀಶ್ ಒತ್ತಿದ. ಕೋಡು ಇಡೀ ಲೋಕದ ಸ್ವತ್ತಾಯಿತು, ಇನ್ನೂರ ಹದಿನಾಲ್ಕನೇ ಸಾಲಿನ ಸಮೇತ. ಅದು ಯಾರ ಕಣ್ಣಿಗಾದರೂ ಬಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹುಡುಗಿಯೂ ಹೋಗುತ್ತಾಳೆ. ಬೇಗ ಅಳಿಸಿಬಿಡೋಣವೆಂದರೆ ಗಂಗಾಧರಯ್ಯ ಅವನನ್ನು ಎಬ್ಬಿಸಿ ತಾವೇ ಕುರ್ಚಿಯಲ್ಲಿ ಕೂತರು. "ಎಷ್ಟು ಜನ ನೋಡಿದ್ರು ಅಂತ ಇಲ್ಲಿ ತೋರಿಸ್ತದಾ? ನಾನು ನೋಡ್ತಿರ್ತೀನಿ."

ತೂಕದ ಗಿಡ್ಡಯ್ಯನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ; ಇದು ಗುಟ್ಟೂ ಅಲ್ಲದ್ದರಿಂದ ಅರ್ಧ ನಿಮಿಷವೂ ನಿಲ್ಲಲಿಲ್ಲ. "ನಮ್ಮ ಮೆಷಿನ್ ಒಳಗೇನೈತೆ ಅಂತ ಇನ್ಮೇಲೆ ಯಾರು ಬೇಕಾದ್ರೂ ನೋಡ್ಬೌದಂತೆ ಕಣ್ರಪ್ಪೋ!" ಎಂದು ಹೊರಗೆ ಸಾರಿದ. ಹೊರಗೆ ಎಂಬತ್ತು ಟ್ರಾಕ್ಟರು, ಟೆಂಪೋಗಳ ಕ್ಯೂ. ಬಿಸಿಲಲ್ಲಿ ಕೊಬ್ಬರಿ ಮೂಟೆಗೆ ಒರಗಿ ಆಕಳಿಸುತ್ತಿದ್ದ ಜನಕ್ಕೆ ಬೇರೆ ಕೆಲಸವೂ ಇರಲಿಲ್ಲ. ಕ್ಯೂನಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ತಿಮ್ಮರಾಜು ಮೊಬೈಲಿನಲ್ಲಿ ಭಂಡಾರ ತೆರೆದರು. ಗಿಡ್ಡಯ್ಯ ಟೋಕನ್ ಕೂಗುವ ಮೈಕನ್ನು ತಂದು ಅವರ ಬಾಯಿಗೆ ಹಿಡಿದ.

ಮೇಷ್ಟ್ರು ಒಂದನೇ ಸಾಲಿನಿಂದ ಶುರು ಮಾಡಿದರು. ದೇವಸ್ಥಾನದಲ್ಲಿ ಪುರಾಣ ಓದಿದಂತೆ ಇವರು ಓದುವುದು, ಗಿಡ್ಡಯ್ಯ ಅರ್ಥ ಹೇಳುವುದು.

"ಇಫ್ ಟೋಕನ್ ಈಸ್ ಈಕ್ವಲ್ ಟು ಜೀರೋ, ರಿಟರ್ನ್!"

"ಅಂದ್ರೆ, ಟೋಕನ್ ಇಲ್ದೆ ಬಂದೋನು ಬಾಯ್ ಮುಚ್ಕೊಂಡು ಮನೆಗೋಗ್ಬೇಕು ಅಂತ."

"ಭಲೇ!" ಎಂದಿತು ಕ್ಯೂ.

ಯೋಗೀಶ್ ಹೊರಗೆ ಓಡಿದ. "ಮೇಷ್ಟ್ರೇ, ನಡುವೆ ಬರೀ ಲೆಕ್ಕಾಚಾರ. ಹಾರಿಸ್ಕೊಂಡು ಕೊನೇದು ಓದ್ಬುಡಿ."

"ಹಾರಿಸಾದಾ? ಮೂವತ್ತು ವರ್ಷದಲ್ಲಿ ಒಂದು ಪಾಠನೂ ಹಾರಿಸಿದೋನಲ್ಲ ಕಣಪ್ಪ ನಾನು. ಸಾಲು ನೂರಾ ಹನ್ನೊಂದು!"

ಯೋಗೀಶ್ ಮೈಕಿನ ವೈರು ಕಿತ್ತ. ಮೈಕು ಬ್ಯಾಟರಿಯದು, ನಿಲ್ಲಲಿಲ್ಲ. ಮ್ಯಾನೇಜರನ್ನು ಎಬ್ಬಿಸಲು ಕರೆಂಟೇ ತೆಗೆಯೋಣವೆಂದರೆ ಕಂಪ್ಯೂಟರೂ ಸಾಯುತ್ತದೆ. ಒಳಗೆ ಬಂದು, "ಸಾರ್, ಕಾಫಿಗೆ ಹೋಗಿಬನ್ನಿ" ಅಂದ. "ಇಲ್ಲಿಗೇ ತರ್ಸು. ಇಪ್ಪತ್ಮೂರು ಜನ ನೋಡವ್ರೆ!" ಎಂದರು ಗಂಗಾಧರಯ್ಯ, ಮೊಮ್ಮಗು ಹುಟ್ಟಿದವರಂತೆ ಹಿಗ್ಗುತ್ತ. ಹೊರಗಿನಿಂದ ಮೇಷ್ಟ್ರ ದನಿ ಏರುತ್ತಲೇ ಇತ್ತು. ನೂರಾ ಎಂಬತ್ತು. ನೂರಾ ತೊಂಬತ್ತೈದು. ಯೋಗೀಶ್ ಕೊನೆಗೆ ಒಂದು ಸುಳ್ಳು ಹೊಸೆದ.

"ಸಾರ್, ಗೇಟ್ ಹತ್ರ ಟಿವಿಯೋರು ಬಂದವ್ರಂತೆ. ಮ್ಯಾನೇಜರ್ ಎಲ್ಲಿ ಅಂತ ಕೇಳ್ತಾವ್ರೆ."

ಗಂಗಾಧರಯ್ಯ ಬಾಚಣಿಗೆ ಹುಡುಕಿ, ಇರುವ ಹನ್ನೆರಡು ಕೂದಲನ್ನು ಬಾಚಿಕೊಂಡು ಹೋದರು. ಯೋಗೀಶ್ ಕುರ್ಚಿಗೆ ಬಿದ್ದು ಸಾಲು ಅಳಿಸಿ, ಕೋಡನ್ನು ಮತ್ತೆ ಭಂಡಾರಕ್ಕೆ ಒತ್ತಿದ. ಆಗ ಮೇಷ್ಟ್ರು ಇನ್ನೂರ ಹದಿಮೂರರಲ್ಲಿದ್ದರು. ಅಷ್ಟರಲ್ಲಿ ಅವರ ಮೊಬೈಲು ಸಿಕ್ಕಿಕೊಂಡಿತು. ಗಿಡ್ಡಯ್ಯ, "ಮ್ಯಾಲಿಂದ ಕೆಳಕ್ಕೆ ಎಳೀರಿ ಮೇಷ್ಟ್ರೇ, ಹೊಸದಾಗಿ ಬತ್ತದೆ" ಎಂದು ಹೇಳಿಕೊಟ್ಟ. ಹೊಸದಾಗಿಯೇ ಬಂತು. ತೋಂಟದಾರ್ಯರ ಹೆಸರು ಅದರಲ್ಲಿರಲಿಲ್ಲ.

"ಏನೂ ಮೋಸ ಇಲ್ಲ ಕಣ್ರಯ್ಯ. ಹುಡುಗ ಪ್ರಾಮಾಣಿಕ" ಎಂದು ಮೇಷ್ಟ್ರು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಯೋಗೀಶನಿಗೆ ಅಳು ಬರುವಷ್ಟು ಸಮಾಧಾನವಾಯಿತು.

ಆ ಸಮಾಧಾನ ಹತ್ತು ನಿಮಿಷ ಬಾಳಿತು. ಇಸ್ತ್ರಿ ಮುರಿಯದ ಬಿಳಿ ಪಂಚೆಯಲ್ಲಿ ತೋಂಟದಾರ್ಯರು ಟ್ರಾಕ್ಟರಿನಿಂದ ಇಳಿದರು. ಕ್ಯೂ ಕಡೆ ತಿರುಗಿಯೂ ನೋಡದೆ ಕಿಟಕಿಗೆ ಬಂದು ಹೆಸರು ಹೇಳಿದರು. ಯಂತ್ರ ಚೀಟಿ ಉಗುಳಿತು.

"ಎಂಬತ್ತೇಳಾ?"

ಯೋಗೀಶನ ಪಕ್ಕದಲ್ಲೇ, ಗೇಟಿನಲ್ಲಿ ಟಿವಿಯವರು ಸಿಗದ ಸಿಟ್ಟಿನಲ್ಲಿ, ಗಂಗಾಧರಯ್ಯ ನಿಂತಿದ್ದರು. ಕಿಟಕಿಯಾಚೆ ಮೇಷ್ಟ್ರು. ನಿಜ ಹೇಳುವಂತಿಲ್ಲ, ಕಣ್ಣು ಮಿಟುಕಿಸುವಂತೆಯೂ ಇಲ್ಲ. "ಮೆಷಿನ್ ಕೊಟ್ಟಿದ್ದು ಸಾರ್..." ಎಂದು ಗೊಣಗಿದ.

"ಮೆಷಿನ್‌ಗೆ ನಾನ್ಯಾರು ಅಂತ ಗೊತ್ತಿಲ್ದೆ ಇರ್ಬೌದು. ನಿಂಗೂ ಗೊತ್ತಿಲ್ವಾ? ನಾನು ಇವತ್ತು ಬಂದಿದ್ದು ಬರೀ ಕೊಬ್ಬರಿ ಹಾಕಕ್ಕಲ್ಲ ಅಂತ ಗೊತ್ತಿದ್ದೂ!" ಚೀಟಿ ಹರಿದು ಎಸೆದರು. "ದಬ್ಬೇಘಟ್ಟದ ಕೇಂದ್ರದಲ್ಲೂ ನನ್ನ ಹೆಸರೈತೆ. ತಿರುಗ್ಸೋ ಟ್ರಾಕ್ಟ್ರು!"

ಟ್ರಾಕ್ಟರಿನ ಹಿಂದೆ ಗೇಟಿನವರೆಗೂ ಓಡಿ ಯೋಗೀಶ್ ಧೂಳು ಕುಡಿದ. ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಆರು ಸಲ ಫೋನ್ ಮಾಡಿದ, ತೋಂಟದಾರ್ಯರು ಎತ್ತಲಿಲ್ಲ. ನಾಳೆ ಮನೆಗೇ ಹೋಗಿ ಕಾಲಿಗೆ ಬೀಳೋಣ, ಸಿಟ್ಟು ಇಳಿದೇ ಇಳಿಯುತ್ತದೆ ಎಂದುಕೊಂಡ.

ನಾಲ್ಕು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಮಸ್ಕಾರ ಸಾರ್. ನಾನು ಸೂರ್ಯಪ್ರಕಾಶ್ ಅಂತ, ದಬ್ಬೇಘಟ್ಟದ ಖರೀದಿ ಕೇಂದ್ರದಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋದು. ನಮ್ಮ ಪ್ರೋಗ್ರಾಮು ಕೆಟ್ಟೋಗಿತ್ತು ಸಾರ್. ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಭಂಡಾರದಿಂದ ನಿಮ್ಮ ಕೋಡ್ ಇಳಿಸ್ಕೊಂಡೆ. ಒಂದಕ್ಷರ ಮುಟ್ಟಿಲ್ಲ, ಹಂಗೇ ಓಡಿಸ್ದೆ."

ಯೋಗೀಶ್ ಕುರ್ಚಿಯಿಂದ ಎದ್ದ. "ಅದ್ರಲ್ಲಿ ಒಂದು ತಪ್ಪಿತ್ತು. ಇನ್ನೂರ ಹದಿನಾಲ್ಕನೇ ಸಾಲು. ಈಗ್ಲೇ ತೆಗೀರಿ!"

"ತಪ್ಪಾ? ಅಯ್ಯೋ, ತೆಗಿ ಅನ್ಬ್ಯಾಡಿ ಸಾರ್! ಮಧ್ಯಾಹ್ನ ಒಬ್ರು ಯಜಮಾನ್ರು ಬಂದ್ರು. ಮುಂದೆ ನೂರು ಜನ ನಿಂತವ್ರೆ, ಮೆಷಿನ್ ಅವ್ರಿಗೆ ಒಂದನೇ ಟೋಕನ್ ಕೊಡ್ತು. ಜನ ಗಲಾಟೆ ಮಾಡುದ್ರು. ಸರ್ಕಾರಿ ಮೆಷಿನ್ ಹೇಳಿದ್ಮೇಲೆ ಮುಗೀತು ಅಂತ ನಾನೇ ನಿಂತು ತೂಕ ಮಾಡಿಸ್ದೆ. ಯಜಮಾನ್ರು ನನ್ನ ಗೋತ್ರ, ಊರು, ಸಂಬಳ ಎಲ್ಲ ಕೇಳುದ್ರು. ಮಗಳು ಫೋಟೋ ನೋಡಿ ಪರವಾಗಿಲ್ಲ ಅಂದ್ಳಂತೆ. ಭಾನುವಾರ ನಿಶ್ಚಿತಾರ್ಥ ಸಾರ್!"

ಯೋಗೀಶ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಾನು ನಿಯಮ ಮೀರೋನಲ್ಲ ಸಾರ್. ಭಂಡಾರದ ಕೊನೇಲಿ ಬರ್ದವ್ರಲ್ಲ, ಬಳಸ್ಕೊಂಡೋರು ಮೂಲ ಬರೆದೋರ ಹೆಸರು ಹಾಕ್ಲೇಬೇಕು ಅಂತ. ಲಗ್ನಪತ್ರಿಕೇಲಿ ಹಾಕಿಸ್ತೀನಿ. ನಿಮ್ಮ ಇನಿಷಿಯಲ್ ಏನು ಸಾರ್?"