ಪಿನ್ನಿಗೆ ಐದು ಅಂಕ

ಕತೆ ಪಾಠ ಮಾಡುವವರಿಗೆ ಮುಖಭಂಗ ತಪ್ಪಿದ್ದಲ್ಲ. ಹಲಸೂರಿನ ಪಿಯು ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವ ನನಗೆ ವರ್ಷಕ್ಕೆರಡು ಸಲವಾದರೂ ಆಗುತ್ತದೆ. ಈ ವರ್ಷದ್ದನ್ನು ಮಾತ್ರ ನಾನು ಎದೆ ತಟ್ಟಿ ಹೇಳಿಕೊಳ್ಳುತ್ತೇನೆ.

೧. ಗೈಡಿನ ಅರ್ಥ

ಪಠ್ಯದಲ್ಲೊಂದು ಸಣ್ಣಕತೆ. ಮಗಳು ಮೊದಲ ದಿನ ಕೆಲಸಕ್ಕೆ ಹೊರಟಿದ್ದಾಳೆ. ತಾಯಿ ಏನೂ ಹೇಳದೆ ತನ್ನ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ತೆಗೆದು ಮಗಳ ಕೈಗಿಡುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು. ‘ಪಿನ್ನು ಸಂಪ್ರದಾಯದ ಬಂಧನದ ಸಂಕೇತ’ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಗೈಡು ಬರೆದಿದ್ದಾರೆ. ನಾನೂ ಒಂಬತ್ತು ವರ್ಷ ಅದನ್ನೇ ಒದರಿದೆ. ಒದರುವಾಗ ನನ್ನ ಬಳೆಯಲ್ಲೇ ಎರಡು ಪಿನ್ನಿದ್ದವು!

ಈ ಸಲ ಶಿವಾಜಿನಗರದ ಹುಡುಗಿಯೊಬ್ಬಳು ಎದ್ದು ನಿಂತಳು. “ಬಂಧನ ಎಲ್ಲ ಇಲ್ಲ ಮಿಸ್. ನಮ್ಮ ಅಮ್ಮೀನೂ ಡೈಲಿ ಎರಡು ಪಿನ್ ಕೊಡ್ತಾರೆ. ಒಂದು ದುಪಟ್ಟಾಗೆ.”

“ಇನ್ನೊಂದು?”

“ಬಸ್ಸಲ್ಲಿ ಹಿಂದೆಯಿಂದ ಒರಗ್ತಾರಲ್ಲ ಮಿಸ್ ಅಂಕಲ್, ಅವರಿಗೆ.”

೨. ಸೊನ್ನೆ

ಪ್ರಿಪರೇಟರಿ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಐದು ಅಂಕಕ್ಕೆ. ಜೋಗುಪಾಳ್ಯದ ಬಾಡಿಗೆ ಕೋಣೆಯಲ್ಲಿ ಅಪ್ಪ ಅಮ್ಮನ ಜೊತೆಗಿರುವ ರಾಯಚೂರು ಕಡೆಯ ಹುಡುಗಿಯೊಬ್ಬಳು ಬರೆದಿದ್ದಳು: ‘ಸಹಿಸಬೇಡ, ಚುಚ್ಚು ಎಂದು ತಾಯಿ ಹೇಳುತ್ತಿದ್ದಾಳೆ. ಬಾಯಿಬಿಟ್ಟು ಹೇಳಿದರೆ ಅಪ್ಪನಿಗೆ ಕೇಳಿಸುತ್ತದೆ, ಕೆಲಸವೇ ಬೇಡ ಎನ್ನುತ್ತಾನೆ.’

ಓದಿ ನನಗೆ ಕಣ್ಣು ತುಂಬಿತು. ಐದಕ್ಕೆ ಐದು ಕೊಟ್ಟೆ. ಮುಖ್ಯಸ್ಥರು ಅದನ್ನು ಹೊಡೆದು ಸೊನ್ನೆ ಹಾಕಿದರು. ಸೊನ್ನೆ ಉಳಿದರೆ ಹುಡುಗಿ ಫೇಲು. ಫೇಲಾದರೆ ಓದು ಬಿಡಿಸಿ ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸಿಗೆ ಕಳಿಸುತ್ತೇನೆಂದು ಅವಳಪ್ಪ ಮೊದಲೇ ಹೇಳಿಟ್ಟಿದ್ದ.

“ಸರ್, ಗೈಡಿಗಿಂತ ಇವಳೇ ಚೆನ್ನಾಗಿ ಬರ್ದಿದಾಳೆ,” ಎಂದೆ.

“ಇದು ಹಿಂಸೆಗೆ ಪ್ರಚೋದನೆ ಮೇಡಂ. ತಾಯೀನ ಕರೆಸಿ!”

ನಾನು ಮತ್ತೆ ಐದು ಬರೆದೆ. ಅವರು ಹೊಡೆದರು. ಮತ್ತೆ ಬರೆದೆ. ಕೊನೆಗೆ ಆ ಪುಟದಲ್ಲಿ ಹುಡುಗಿಗಿಂತ ನಾವಿಬ್ಬರೇ ಜಾಸ್ತಿ ಬರೆದಿದ್ದೆವು.

೩. ತಾಯಿ ಬಂದರು

ಸಿ.ವಿ. ರಾಮನ್ ನಗರದಲ್ಲಿ ನಾಲ್ಕು ಮನೆಗೆಲಸ ಮುಗಿಸಿ ಆಕೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಮುಖ್ಯಸ್ಥರು ಕತೆ ಹೇಳಿದರು, ಉತ್ತರವನ್ನೂ ಓದಿದರು.

“ನೋಡಮ್ಮ, ಹದಿನೈದು ವರ್ಷದಿಂದ ಈ ಕತೆ ಪಾಠ ಮಾಡ್ತಿದೀನಿ. ನಿನ್ನ ಮಗಳಿಗೆ ಇದನ್ನೆಲ್ಲ ಹೇಳ್ಕೊಟ್ಟಿದ್ದು ಯಾರು?”

“ನಾನೇ ರೀ.” ಆಕೆ ಮೇಜಿನ ಮೇಲಿದ್ದ ಹೆಲ್ಮೆಟ್ಟು ನೋಡಿದರು. “ಸರ, ನೀವು ದಿನಾ ಗಾಡಿ ಮ್ಯಾಲ ಬರ್ತೀರೇನ್ರಿ?”

“ಹೌದು, ಯಾಕೆ?”

“ಅದಕ್ಕೇ ರೀ. ನಾಕ್ ದಿನ ಸೀರಿ ಉಟ್ಕೊಂಡು ಬಸ್ಸಿನ್ಯಾಗ ಬರ್ರಿ. ಕತಿ ತಾನಾಗೇ ತಿಳೀತದ.”

ಮುಖ್ಯಸ್ಥರು ಕೆಮ್ಮಿದರು. ಕೆಂಪು ಪೆನ್ನು ತೆಗೆದು ನಾಲ್ಕು ಎಂದು ಬರೆದರು. ಆಕೆ ಜಾಗ ಬಿಟ್ಟು ಕದಲಲಿಲ್ಲ. ಮುಖ್ಯಸ್ಥರು ನಾಲ್ಕನ್ನು ಹೊಡೆದು ಐದು ಮಾಡಿದರು.