ದೋಣಿಗೊಂದು ಸೀರೆ ಗಾರ್ಡು

ಮೀನು ಹಿಡಿಯುವ ದೋಣಿಗೆ ಸೀರೆ ಗಾರ್ಡು ಹಾಕಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ! ನಗಬೇಡಿ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಬೈಕಿನ ಹಿಂದಿನ ಚಕ್ರಕ್ಕೆ ಹೆಂಗಸರ ಸೆರಗು ಸಿಕ್ಕಿಕೊಳ್ಳದ ಹಾಗೆ ಕಬ್ಬಿಣದ ಜಾಲರಿ ಹಾಕಿಸುತ್ತಾರಲ್ಲ, ಅದೇ. ದೋಣಿಗೆ ಚಕ್ರವೇ ಇಲ್ಲವಲ್ಲ ಅಂತೀರಾ? ನಾನೂ ಅದನ್ನೇ ಕೇಳಿದ್ದೆ.

"ಚಕ್ರ ಇಲ್ಲ, ಒಪ್ಕೊಂಡೆ. ಸೀರೆ ಇದೆಯಲ್ಲಮ್ಮಾ?" ಎಂದರು ಮಾವ.

ಆ ಸೀರೆ ನನ್ನ ಅತ್ತೆಯದು. ಮದುವೆಯಾದ ಹೊಸದರಲ್ಲಿ ಮಾವ ಅತ್ತೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಲಸೂರಿನ ಮಾರುಕಟ್ಟೆ ಬೀದಿಯಲ್ಲಿ ಹೋಗುತ್ತಿದ್ದವರು ಸೀದಾ ಒಂದು ಹೂವಿನ ಅಂಗಡಿಗೆ ನುಗ್ಗಿಸಿಬಿಟ್ಟರಂತೆ. ಅತ್ತೆ ಸೇವಂತಿಗೆ ರಾಶಿಯ ಮೇಲೆ ಮಹಾರಾಣಿಯ ಹಾಗೆ ಕೂತರು, ಮಾವ ಕಂಬಕ್ಕೆ ತಲೆ ಕೊಟ್ಟರು. ಮಾವ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅತ್ತೆ ಇಡೀ ಮನೆಯವರ ಎದುರಿಗೆ ಒಂದೇ ಒಂದು ಮಾತು ಹೇಳಿದರು: "ಇನ್ಮೇಲೆ ನೀವು ಓಡ್ಸೋ ಗಾಡಿ ನಾನು ಹತ್ತಲ್ಲ."

ಹತ್ತಲಿಲ್ಲ! ಮಾವ ಬೈಕು ಮಾರಿ ಸ್ಕೂಟರ್ ತಂದರು, ಅದೂ ಸಾಲದೆ ಸೆಕೆಂಡ್ ಹ್ಯಾಂಡ್ ವ್ಯಾನೊಂದನ್ನೂ ತಂದು ಮನೆ ಮುಂದೆ ನಿಲ್ಲಿಸಿದರು. ಅತ್ತೆ ಮಾತ್ರ ರಾಮಮೂರ್ತಿ ನಗರದಿಂದ ಟಿನ್ ಫ್ಯಾಕ್ಟರಿ ಸ್ಟಾಪಿನವರೆಗೆ ನಡೆದುಹೋಗಿ ಬಸ್ಸು ಹಿಡಿಯುವುದನ್ನು ಬಿಡಲಿಲ್ಲ. ಮಾವನೂ ಜೊತೆಗೆ ಬಸ್ಸು ಹತ್ತಬಹುದಿತ್ತಲ್ಲ? "ನನ್ನ ಹೆಂಡ್ತೀನ ನಾನೇ ಕರ್ಕೊಂಡು ಹೋಗ್ಬೇಕು" ಎನ್ನುವುದು ಅವರ ಹಟ. ಹಾಗಾಗಿ ಬಸ್ಸಿನ ಪಕ್ಕದಲ್ಲೇ ಸ್ಕೂಟರ್ ಓಡಿಸುತ್ತ, ಕಿಟಕಿಯ ಕಡೆ ಕತ್ತೆತ್ತಿ, ಮನೆಗೆ ಹುರುಳಿಕಾಯಿ ತರಬೇಕೋ ಬದನೆಕಾಯಿ ತರಬೇಕೋ ಎಂದು ಕೂಗಿ ಕೇಳುತ್ತಿದ್ದರು. ಒಂದು ದಿನ ಕಂಡಕ್ಟರ್ ತಲೆ ಹೊರಗೆ ಹಾಕಿ, "ಸ್ವಾಮೀ, ಒಂದು ಟಿಕೆಟ್ ತಗೊಂಡು ಒಳಗೆ ಬಂದೇ ಮಾತಾಡಬಾರದಾ?" ಎಂದು ಕೈ ಮುಗಿದ. ಅಷ್ಟರಲ್ಲಿ ಅತ್ತೆ ಎದ್ದು ಆ ಕಡೆಯ ಕಿಟಕಿಗೆ ಹೋಗಿ ಕೂತಿದ್ದರು.

ಮದುವೆ ಮುಂಜಿಗಳಿಗೆ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬರುವುದನ್ನು ನೋಡಿ ನೆಂಟರಲ್ಲಿ ಗುಸುಗುಸು ಶುರುವಾಯಿತು. ಹೊರಮಾವಿನ ದೂರದ ನೆಂಟರೊಬ್ಬರು ಒಂದೇ ಮನೆಗೆ ಎರಡು ಲಗ್ನಪತ್ರಿಕೆ ಕೊಟ್ಟು ಹೋದರು. ಅವತ್ತು ಮಾವ ಊಟ ಮಾಡಲಿಲ್ಲ. ಹೊರಗೆ ನಗೆಯಾಡಿದರೂ ಈ ವಿಷಯ ಅವರಿಗೆ ನಿಜವಾಗಿಯೂ ನೋಯುತ್ತಿತ್ತು.

ಹೀಗಿರುವಾಗ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ನಮ್ಮೂರ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆಯ ಹರಾಜು ಬಂತು. ಮಾವನಿಗೂ ಮೀನಿಗೂ ಸಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಪರಿಚಯವಿರಲಿಲ್ಲ. ಆದರೂ ಹೋಗಿ ಕೂಗಿದರು, ಹರಾಜು ಅವರ ಹೆಸರಿಗೇ ಆಯಿತು. ಯಾಕೆ ಎಂದು ನಾನು ಕೇಳಿದರೆ ಗುಟ್ಟು ಹೇಳುವವರ ಹಾಗೆ ಹತ್ತಿರ ಬಂದರು.

"ನಿಮ್ಮತ್ತೆ ಏನಂದಿದ್ದು? ಗಾಡಿ ಹತ್ತಲ್ಲ ಅಂತ ತಾನೇ? ದೋಣಿ ಹತ್ತಲ್ಲ ಅಂತ ಎಲ್ಲಾದ್ರೂ ಅಂದಿದ್ದಾಳಾ?"

ಇಂಥ ವಕೀಲರನ್ನು ನಮ್ಮ ಮನೆತನ ಕೃಷಿಗೆ ಹಾಕಿ ಹಾಳು ಮಾಡಿತು ಅನ್ನಿಸಿತು.

ದೋಣಿ ಮಾಡಿಸಲು ಹೋದದ್ದು ಶಿವಾಜಿನಗರಕ್ಕೆ. ಅಲ್ಲಿನ ಗಲ್ಲಿಯೊಂದರಲ್ಲಿ ಫೈಬರ್ ಕೆಲಸ ಮಾಡುವ ಒಬ್ಬ ಭಾಯ್ ಇದ್ದರು. ನೀರಿನ ಟ್ಯಾಂಕು, ಬಾತ್ ಟಬ್ಬುಗಳ ಜೊತೆಗೆ ಕೆರೆ ಗುತ್ತಿಗೆಯವರಿಗೆ ದೋಣಿಯನ್ನೂ ಮಾಡಿಕೊಡುತ್ತಿದ್ದರು. ಟಬ್ಬು ಮಾಡುವವರ ಕೈಲಿ ದೋಣಿಯೇ ಎಂದು ಮಾವ ಹಿಂದೆಮುಂದೆ ನೋಡಿದಾಗ ಭಾಯ್, "ಟಬ್ಬಲ್ಲಿ ನೀರು ಒಳಗೆ ನಿಲ್ಬೇಕು, ದೋಣೀಲಿ ಹೊರಗೆ ನಿಲ್ಬೇಕು. ಕೆಲ್ಸ ಒಂದೇ ಗೌಡ್ರೇ!" ಎಂದರು. ಮಾವನಿಗೆ ಆ ಕ್ಷಣವೇ ಅವರ ಮೇಲೆ ಅಪಾರ ನಂಬಿಕೆ ಬಂತು.

ನಮ್ಮ ಕಚೇರಿ ಇಂದಿರಾನಗರದಲ್ಲಿತ್ತು. ಶನಿವಾರ ಮಧ್ಯಾಹ್ನ ಬಿಡುವು ಸಿಕ್ಕಿದರೆ ಸಾಕು, ಮಾವ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹೆಂಗಸರಿಗೆ ಏನು ಅನುಕೂಲ ಎನ್ನುವುದನ್ನು ಹೇಳಲು ನಾನು ಬೇಕಂತೆ. ಹೇಳಲು ಮಾತ್ರ ಒಮ್ಮೆಯೂ ಬಿಡಲಿಲ್ಲ.

"ಎಂಜಿನ್ ಹಾಕ್ಬೇಕಾ ಗೌಡ್ರೇ?"

"ಬೇಡಪ್ಪ! ಸ್ಪೀಡ್ ಅಂದ್ರೆ ಮನೆಯವ್ರಿಗೆ ಆಗಲ್ಲ. ಹುಟ್ಟು ಸಾಕು. ಸ್ಟೇರಿಂಗ್ ಒಂದಿರ್ಲಿ."

"ಹುಟ್ಟಿನ ದೋಣಿಗೆ ಸ್ಟೇರಿಂಗಾ? ಅದು ಯಾವುದಕ್ಕೂ ಸೇರಲ್ಲ ಗೌಡ್ರೇ, ಸುಮ್ನೆ ತಿರುಗುತ್ತೆ ಅಷ್ಟೇ."

"ತಿರುಗ್ಲಿ. ನೋಡಿದೋರಿಗೆ ಧೈರ್ಯ ಬರುತ್ತೆ."

ಅಲ್ಲಿಂದ ಶುರುವಾಯಿತು ನೋಡಿ! ಕೈ ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಲೇಡೀಸ್ ಫುಟ್‌ರೆಸ್ಟು, ಮೇಲೆ ಕಬ್ಬಿಣದ ಪೈಪಿನ ಚಪ್ಪರ, ಮುಂದೆ ಲಾರಿಯದೊಂದು ಬಂಪರು. ಶಿವಾಜಿನಗರದ ಗುಜರಿಯಲ್ಲಿ ಯಾವ ವಾಹನದ ಯಾವ ಅಂಗ ಸಿಕ್ಕಿದರೂ ಮಾವ ಅದನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ದೋಣಿಗೆ ಹೊಂದುತ್ತದೆಯೇ ಎಂದು ನೋಡುತ್ತಿದ್ದರು. ಹೊಂದದೇ ಇದ್ದದ್ದು ಒಂದೂ ಇರಲಿಲ್ಲ. ಇಂಡಿಕೇಟರ್ ಹಾಕಿಸುವಾಗ ಭಾಯ್‌ಗೆ ತಡೆಯಲಾಗಲಿಲ್ಲ.

"ಕೆರೇಲಿ ನಿಮ್ಮ ಹಿಂದೆ ಯಾರು ಬರ್ತಾರೆ ಗೌಡ್ರೇ?"

"ಯಾರೂ ಬರಲ್ಲ ಅಂತ ರೂಲ್ಸ್ ಬಿಡಕ್ಕಾಗುತ್ತೇನ್ರೀ?"

ಬಣ್ಣದ ವಿಷಯ ಬಂದಾಗ ಮಾವ ಜೇಬಿನಿಂದ ಬಟ್ಟೆಯ ತುಂಡೊಂದನ್ನು ತೆಗೆದು ಭಾಯ್ ಮುಂದೆ ಹರಡಿದರು. ನೋಡುತ್ತೇನೆ, ಅತ್ತೆಯ ನವಿಲುಗತ್ತಿನ ಬಣ್ಣದ ಬ್ಲೌಸ್ ಪೀಸು! ಅದು ಕಾಣೆಯಾಗಿದೆ ಎಂದು ಅತ್ತೆ ವಾರದಿಂದ ಹುಡುಕುತ್ತಿದ್ದರು, ಪಾಪ, ಬಾಡಿಗೆಯವರ ಬೆಕ್ಕಿನ ಮೇಲೆ ಅನುಮಾನ ಬಂದು ಅದಕ್ಕೆ ಹಾಲು ನಿಂತಿತ್ತು. ಇನ್ನೊಂದು ಶನಿವಾರ ಮಾವ ಸೀಟಿನ ಎತ್ತರದ ಅಳತೆಗೆಂದು ಅತ್ತೆ ಟೀವಿ ನೋಡುವ ಕುರ್ಚಿಯನ್ನೇ ಸ್ಕೂಟರಿಗೆ ಕಟ್ಟಿ ತಂದರು. ಆ ಕುರ್ಚಿ ಗಲ್ಲಿಯಲ್ಲೇ ಉಳಿಯಿತು. ಆ ಸಂಜೆಯ ಧಾರಾವಾಹಿಯನ್ನು ಅತ್ತೆ ನಿಂತುಕೊಂಡೇ ನೋಡಿದರು.

ಆಗ ನಮ್ಮ ಕಡೆ ಎಲ್ಲರಿಗೂ ವಾಸ್ತುವಿನ ಹುಚ್ಚು ಹಿಡಿದಿದ್ದ ಕಾಲ. ಜನ ಚೆನ್ನಾಗಿದ್ದ ಬಚ್ಚಲನ್ನು ಒಡೆದು ಅಡುಗೆಮನೆ ಮಾಡುತ್ತಿದ್ದರು. ಮಾವ ವಾಸ್ತು ಹೇಳುವವರೊಬ್ಬರನ್ನು ಹಿಡಿದು ದೋಣಿಯ ಬಗ್ಗೆ ಕೇಳಿದರು. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, ದೋಣಿಯ ಮುಖ ಯಾವಾಗಲೂ ಪೂರ್ವಕ್ಕೇ ಇರಬೇಕು ಎಂದರು.

"ಹೋಗುವಾಗ ಸರಿ ಸ್ವಾಮಿ, ವಾಪಸ್ ಬರುವಾಗ?"

"ರಿವರ್ಸಲ್ಲಿ ಬನ್ನಿ."

ಮಾವ ಮಾರನೆಯ ಶನಿವಾರವೇ ಎರಡು ಕನ್ನಡಿ ಹಾಕಿಸಿದರು.

ಎಲ್ಲ ಮುಗಿದ ಮೇಲೆ ಭಾಯ್ ದೋಣಿಯ ಸುತ್ತ ಒಂದು ಸುತ್ತು ಬಂದು ತಲೆ ಕೆರೆದುಕೊಂಡರು. "ಎಲ್ಲಾ ಸರಿ ಗೌಡ್ರೇ. ಮೀನು ಎಲ್ಲಿ ಹಾಕ್ತೀರಾ?" ಮಾವ ನನ್ನ ಮುಖ ನೋಡಿದರು, ನಾನು ದೋಣಿಯ ಮುಖ ನೋಡಿದೆ. ಸೋಫಾದಂಥ ಸೀಟು, ಫುಟ್‌ರೆಸ್ಟು, ಬ್ಯಾಟರಿ ಪೆಟ್ಟಿಗೆ, ಇಷ್ಟರ ನಡುವೆ ಒಂದು ಸೀಗಡಿ ಇಡಲೂ ಜಾಗವಿರಲಿಲ್ಲ. "ಬಕೆಟ್ ತಗೊಂಡು ಹೋಗೋಣ ಬಿಡಿ" ಎಂದು ಮಾವ ವಿಷಯ ಮುಗಿಸಿದರು.

ದೋಣಿ ಟೆಂಪೋ ಹತ್ತಿ ಮೆರವಣಿಗೆ ಹೊರಟಿತು. ಮಾವ ದೋಣಿಯೊಳಗೇ ಕೂತು, ಹಾರನ್ ಒತ್ತುತ್ತ, ಸ್ಟೇರಿಂಗ್ ತಿರುಗಿಸುತ್ತ ಬಂದರು. ಹಳೆ ಮದ್ರಾಸು ರಸ್ತೆಯ ಸಿಗ್ನಲ್ಲಿನಲ್ಲಿ ಟೆಂಪೋ ಬಲಕ್ಕೆ ತಿರುಗಿದರೆ ದೋಣಿ ಎಡಗಡೆಯ ಇಂಡಿಕೇಟರ್ ತೋರಿಸಿತು. ಟ್ರಾಫಿಕ್ ಪೊಲೀಸರು ಟೆಂಪೋ ಡ್ರೈವರನನ್ನು ಬಿಟ್ಟು ಮಾವನನ್ನು ಕೆಳಗೆ ಇಳಿಸಿ ಲೈಸೆನ್ಸ್ ಕೇಳಿದರು! ಮಾವ ವ್ಯಾನಿನ ಲೈಸೆನ್ಸ್ ತೋರಿಸಿದ್ದಕ್ಕೆ ಅವರೂ ಗಂಭೀರವಾಗಿ ನೋಡಿ ವಾಪಸ್ಸು ಕೊಟ್ಟರು.

ಕೆರೆಯ ದಂಡೆಯಲ್ಲಿ ಪೂಜೆ. ಹೊಸ ವಾಹನದ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸುವುದು ನಮ್ಮಲ್ಲಿ ಪದ್ಧತಿ. ಪುರೋಹಿತರು ನಾಲ್ಕು ನಿಂಬೆಹಣ್ಣು ಹಿಡಿದು ದೋಣಿಯ ನಾಲ್ಕೂ ಕಡೆ ಚಕ್ರ ಹುಡುಕಿದರು. ಕೊನೆಗೆ ಮಾವನೇ ಅವನ್ನು ಇಸಿದುಕೊಂಡು ದೋಣಿಯ ಮುಂದೆ ನೀರಿಗೆ ಬಿಟ್ಟು, ಅವುಗಳ ಮೇಲೆ ದೋಣಿ ಹಾಯಿಸಿದರೆ ಸರಿ ಎಂದರು. ನಿಂಬೆಹಣ್ಣುಗಳು ತೇಲುತ್ತ ಕೆರೆಯ ನಡುವಿಗೆ ಹೋದವು. ದೋಣಿ ತೇಲಲಿಲ್ಲ!

ಹೌದು, ನೀರಿಗೆ ಇಳಿಸಿದ ಕೂಡಲೇ ನಮ್ಮ ಪುಷ್ಪಕ ವಿಮಾನ ಹಿಂಭಾಗ ಕೆಳಗೆ ಮಾಡಿ ಎಮ್ಮೆಯ ಹಾಗೆ ಕೂತುಬಿಟ್ಟಿತು. ದಂಡೆಯಲ್ಲಿ ನಿಂತಿದ್ದ ಊರವರು ಹೋ ಎಂದರು. ಟೆಂಪೋ ಜೊತೆಗೇ ಬಂದಿದ್ದ ಭಾಯ್ ಪ್ಯಾಂಟು ಮಡಚಿಕೊಂಡು ನೀರಿಗಿಳಿದು, "ಭಾರ ತೆಗೀರಿ ಗೌಡ್ರೇ, ಭಾರ!" ಎಂದು ಕೂಗಿದರು. ಬಂಪರು ಬಿಚ್ಚಿದರು, ಸಾಲಲಿಲ್ಲ. ಚಪ್ಪರ ಹೋಯಿತು, ಬ್ಯಾಟರಿ ಹೋಯಿತು. ಸೀಟನ್ನು ಇಬ್ಬರು ಹೊತ್ತುಕೊಂಡು ಹೋದರು. ಸ್ಟೇರಿಂಗ್ ಬಿಚ್ಚುವಾಗ ಮಾವ ಆ ಕಡೆ ತಿರುಗಿ ನಿಂತರು. ಸೀರೆ ಗಾರ್ಡು ಕಳಚಿ ದಂಡೆಗೆ ಬಿದ್ದಾಗ ಯಾರೋ, "ಗೌಡ್ರೇ, ಇದನ್ನ ಮೀನಿಗೆ ಸೀರೆ ಉಡಿಸಕ್ಕೆ ತಂದ್ರಾ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾವನ ಮುಖ ನೋಡಿದ ಮೇಲೆ ನಗು ನಿಂತುಹೋಯಿತು. ಇಷ್ಟು ದಿನ ಒಬ್ಬ ಮನುಷ್ಯನ ಆಸೆಯನ್ನು ನೋಡಿ ತಮಾಷೆ ಮಾಡಿದೆನಲ್ಲ ಎಂದುಕೊಂಡು ನಾನೂ ನೀರಿಗಿಳಿದು ದೋಣಿಯ ಅಂಚು ಹಿಡಿದೆ.

ದೋಣಿ ಈಗ ಹಗುರಾಗಿ ತೇಲುತ್ತಿತ್ತು. ಒಳಗೆ ಎರಡು ಹಲಗೆ, ಎರಡು ಹುಟ್ಟು, ಅಷ್ಟೇ. ಮಾವ ಮಂಕಾಗಿ ಹತ್ತಿ, ಅಭ್ಯಾಸಬಲದಿಂದ ಮುಂದಕ್ಕೆ ಮುಖ ಮಾಡಿ ಕೂತರು.

"ಹಂಗಲ್ಲ ಗೌಡ್ರೇ. ಹುಟ್ಟು ಹಾಕೋರು ಹಿಂದಕ್ಕೆ ಮುಖ ಮಾಡಿ ಕೂರ್ಬೇಕು. ಎಳೆದ್ರೆ ದೋಣಿ ತಾನೇ ಆ ಕಡೆ ಹೋಗುತ್ತೆ" ಎಂದರು ಭಾಯ್.

"ಎಲ್ಲಿಗೆ ಹೋಗ್ತಿದೀವಿ ಅಂತ ಕಾಣೋದೇ ಇಲ್ವಲ್ರೀ!"

"ಕಾಣಲ್ಲ. ಎದುರಿಗೆ ಕೂತೋರು ಕಾಣ್ತಾರೆ."

ಅಷ್ಟು ಹೊತ್ತು ಹೊಂಗೆ ಮರದ ಕೆಳಗೆ ಕೂತಿದ್ದ ಅತ್ತೆ ಎದ್ದರು. ಸೀರೆ ನೆರಿಗೆ ಎತ್ತಿ ಹಿಡಿದು ನೀರಿಗೆ ಇಳಿದೇ ಬಿಟ್ಟರು. ದೋಣಿಯ ಅಂಚು ಹಿಡಿದು ನಿಂತಿದ್ದ ನನ್ನ ಭುಜದ ಮೇಲೆ ಕೈಯಿಟ್ಟು, ಹತ್ತಿ, ಮಾವನ ಎದುರಿನ ಹಲಗೆಯ ಮೇಲೆ ಕೂತರು. ದಂಡೆಯಲ್ಲಿದ್ದ ನಮ್ಮವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

"ನೀನು... ಹತ್ತಲ್ಲ ಅಂದಿದ್ದೆ" ಎಂದರು ಮಾವ.

"ಅವತ್ತು ಹಲಸೂರಲ್ಲಿ ನೀವು ಯಾಕೆ ಬಿದ್ರಿ ಗೊತ್ತಾ? ನನ್ನ ಜೊತೆ ಮಾತಾಡಕ್ಕೆ ಅಂತ ಹಿಂದಕ್ಕೆ ತಿರುಗಿದ್ರಿ. ಮನೆ ಬಿಟ್ಟಾಗಿಂದ ತಿರುಗ್ತಾನೇ ಇದ್ರಿ. ನನಗೇನಾಯ್ತು, ಹೂವಿನ ಮೇಲೆ ಬಿದ್ದೆ. ನಿಮ್ಮ ತಲೆಯಿಂದ ರಕ್ತ ನಿಲ್ತಾನೇ ಇರ್ಲಿಲ್ಲ. ನನ್ನ ಸೆರಗನ್ನೆಲ್ಲ ಒತ್ತಿ ಹಿಡಿದ್ರೂ ನಿಲ್ಲಲಿಲ್ಲರೀ. ನಾನು ಹಿಂದೆ ಕೂತ್ರೆ ನೀವು ತಿರುಗದೆ ಇರೋರಲ್ಲ."

"ಅದನ್ನ ಹೇಳೋದಲ್ವಾ? ತಿರುಗಲ್ಲ ಅಂತ ಆಣೆ ಹಾಕ್ತಿದ್ದೆ!"

"ಹಾಕ್ತಿದ್ರಿ. ಆಮೇಲೆ, ಆಣೆ ಹಾಕಿದೀನಿ ನೋಡು ಅಂತ ಹೇಳಕ್ಕೆ ತಿರುಗ್ತಿದ್ರಿ."

ಮಾವನ ಕಣ್ಣು ತುಂಬಿ ಬಂದಿತ್ತು, ಎರಡೂ ಕೈಲಿ ಹುಟ್ಟು ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಅತ್ತೆಯೇ ಮುಂದಕ್ಕೆ ಬಗ್ಗಿ ಸೆರಗಿನ ತುದಿಯಿಂದ ಒರೆಸಿದರು.

"ನಡೀರಿ ಈಗ. ಎಷ್ಟು ಮಾತಾಡ್ತೀರೋ ಮಾತಾಡಿ, ದಾರಿ ನಾನು ನೋಡ್ತೀನಿ."

ನಾನು ಅಂಚಿನಿಂದ ಕೈ ಬಿಟ್ಟೆ. ಮಾವ ಹುಟ್ಟು ಎಳೆದರು. ಮೊದಲು ಒಂದೆರಡು ಮಾತು ಕೇಳಿಸಿತು, ಆಮೇಲೆ ಮಾವನ ಮಾತಿಗೆ ಬಿಡುವೇ ಇರಲಿಲ್ಲ. ಬೈಕಿನಿಂದ ಬಿದ್ದ ದಿನ ಅರ್ಧಕ್ಕೆ ನಿಲ್ಲಿಸಿದ್ದನ್ನೇ ಎತ್ತಿಕೊಂಡರೋ ಏನೋ, ನಮಗೆ ಕೇಳಿಸಲಿಲ್ಲ. ನೀರಿನ ನಡುವೆ ಅತ್ತೆಯ ಕೈ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಿತ್ತು. ಮಾವ ಅವರ ಮುಖದಿಂದ ಕಣ್ಣು ತೆಗೆಯದೆ, ಅತ್ತೆ ತೋರಿಸಿದ ಕಡೆಗೇ ಹುಟ್ಟು ಹಾಕುತ್ತಿದ್ದರು.