ಇನ್‌ಕಾರ್ಡಿನೇಶನ್ ಮತ್ತು ನನ್ನ ಬೇಲೂರು ವರ್ಗ

ದುಃಖದ ಮನೆಗೆ ಬರಬಾರದೆಂದು ನಗುವಿಗೆ ಯಾರೂ ಹೇಳಿರುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೂ ನನಗೆ ಇಂಥ ತಮಾಷೆಗಳು ಆಗುತ್ತಲೇ ಇವೆ.

ಬಾಗಿಲ ಕೀಲು

ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯ ಪಾದ್ರಿಗಳು ಬೇರೊಬ್ಬ ಬಿಷಪ್ಪರ ಧರ್ಮಕ್ಷೇತ್ರಕ್ಕೆ ಹೋಗುವವರಿದ್ದರು. "ಅಲ್ಲಿ ಇನ್‌ಕಾರ್ಡಿನೇಶನ್ ಆಗಬೇಕು ಮೇಷ್ಟ್ರೇ" ಎಂದರು. ಅರ್ಥ ಕೇಳದೆ ಬಿಡುವುದು ನನ್ನಿಂದಾಗದು.

"ಲ್ಯಾಟಿನ್ನಿನಲ್ಲಿ ಕಾರ್ಡೊ ಅಂದ್ರೆ ಬಾಗಿಲ ಕೀಲು. ಪಾದ್ರಿಯಾದವನು ಯಾವುದಾದರೂ ಒಂದು ಧರ್ಮಕ್ಷೇತ್ರದ ಕೀಲಿಗೆ ಸೇರಿರಲೇಬೇಕು. ಅತ್ತ ಸೇರಿಸಿಕೊಂಡ ಮೇಲಷ್ಟೇ ಇತ್ತ ಕಳಚೋದು. ನಡುವೆ ಯಾರಿಗೂ ಸೇರದೆ ಇರುವಂತಿಲ್ಲ. ಚರ್ಚಿನ ಕಾನೂನು."

ಕಾಯಿ ತುರಿಯುತ್ತಿದ್ದ ಅವರ ಅಡುಗೆಯಮ್ಮ ತಲೆಯೆತ್ತಿದರು. "ಅಂದ್ರೆ ಗಂಡನ ಮನೆ ಹೊಸ್ತಿಲಲ್ಲಿ ಸೇರಕ್ಕಿ ಒದೆಯೋಗಂಟ ಹುಡುಗಿ ತವರಿನೋಳೇ. ಅಲ್ವಾ ಸ್ವಾಮೇರೇ?"

"ಹೆಚ್ಚುಕಡಿಮೆ ಹಾಗೇ."

"ಮದ್ವೇನೇ ಬ್ಯಾಡ ಅಂದೋರ್ಗೆ ಈ ಶಾಸ್ತ್ರ ಮಾತ್ರ ಬೇಕಾಯ್ತಾ!"

ಖಾಲಿ ಜಾಗ

ನನ್ನ ಹೆಂಡತಿ ಬೇಲೂರಿನಲ್ಲಿ ಟೀಚರಾಗಿದ್ದಳು, ನಾನು ಅರಸೀಕೆರೆಯಲ್ಲಿ. ಭಾನುವಾರಗಳ ಸಂಸಾರ. ಪ್ರತಿ ವರ್ಷವೂ ವರ್ಗ ಕೇಳುತ್ತಿದ್ದೆ. ಪ್ರತಿ ವರ್ಷವೂ ಆಫೀಸಿನ ಗುಮಾಸ್ತರು "ಬೇಲೂರಲ್ಲಿ ಜಾಗ ಖಾಲಿ ಇಲ್ಲ ಸಾರ್" ಅನ್ನುತ್ತಿದ್ದರು.

ಈ ವರ್ಷ ಅವರೇ ಫೋನ್ ಮಾಡಿದರು. "ಸಿಹಿ ಸುದ್ದಿ ಸಾರ್! ಒಂದು ಜಾಗ ಖಾಲಿಯಾಗೈತೆ." ಶಾಲೆಯ ಹೆಸರು ಹೇಳಿದರು.

"ಅದು ನನ್ನ ಹೆಂಡತಿಯ ಜಾಗ."

"ಒಳ್ಳೇದೇ ಆಯ್ತಲ್ಲ, ಇಬ್ರೂ ಒಂದೇ ಕಡೆ..." ಎನ್ನುವಷ್ಟರಲ್ಲಿ ಆ ಜಾಗ ಖಾಲಿಯಾದದ್ದು ಹೇಗೆಂದು ಅವರಿಗೇ ನೆನಪಾಯಿತು. ಆಮೇಲೆ ಮೆಲ್ಲಗೆ, "ನಾನು ಆಮೇಲ್ ಫೋನ್ ಮಾಡ್ತೀನಿ ಸಾರ್" ಎಂದರು. ಮಾಡಲಿಲ್ಲ. ಆದೇಶ ಮಾತ್ರ ಬಂತು.

ಶಾಲು

ಅವಳು ಪಾಠ ಮಾಡಿದ ಕೋಣೆಯಲ್ಲಿ ನಿಲ್ಲಲು ನನಗೆ ಧೈರ್ಯವಿರಲಿಲ್ಲ. ವರ್ಗ ಬೇಡವೆಂದು ಬರೆದುಕೊಡೋಣ ಎಂದುಕೊಂಡೆ. ಆದರೆ ನಮ್ಮ ಶಾಲೆಯಲ್ಲಿ ಬೆಳಿಗ್ಗೆ ಸುದ್ದಿ ಬಂದರೆ ಮಧ್ಯಾಹ್ನಕ್ಕೆ ಶಾಲು. ಹಾರ, ಪೇಟ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೋ ಎಲ್ಲ ಮುಗಿದವು. ಇಷ್ಟಾದ ಮೇಲೆ ಹೋಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮರುದಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಇಳಿದು ಹಿಂದಕ್ಕೆ ಹೋಗಿಬಿಡಲೇ ಎನ್ನಿಸಿತು. ಬುಟ್ಟಿ ಎತ್ತಿಕೊಂಡು ಸೀಟಿನಿಂದ ಏಳುವಷ್ಟರಲ್ಲಿ ಬಸ್ಸು ಹೊರಟಿತು.

ಬೇಲೂರಿನ ಮುಖ್ಯೋಪಾಧ್ಯಾಯಿನಿ, "ಬಿಡುಗಡೆ ಪತ್ರ ಕೊಡಿ" ಎಂದರು. ಶಾಲಿನ ಗಡಿಬಿಡಿಯಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಅರಸೀಕೆರೆಗೆ ಫೋನ್ ಮಾಡಿದೆ.

ನಮ್ಮ ಹೆಡ್ ಮೇಷ್ಟ್ರು ಅಂದರು: "ಶಾಲು ಹೊದಿಸಿ ಕಳಿಸಿದೀವಲ್ರೀ, ಇನ್ನೆಂಥ ಬಿಡುಗಡೆ!"

ಅಲ್ಲಿಂದ ಕಳಚಿಲ್ಲ, ಇಲ್ಲಿಗೆ ಸೇರಿಲ್ಲ. ಪಾದ್ರಿಗಳ ಕಾನೂನು ನಮ್ಮ ಇಲಾಖೆಗೆ ಇನ್ನೂ ಬಂದಿಲ್ಲ.

"ಪತ್ರ ಬರೋವರೆಗೆ ಆ ಕ್ಲಾಸಲ್ಲಿ ಕೂತಿರಿ. ಮಕ್ಕಳು ಗಲಾಟೆ ಮಾಡ್ತಿದಾವೆ" ಎಂದರು ಮುಖ್ಯೋಪಾಧ್ಯಾಯಿನಿ. ಅದೇ ನನ್ನ ಹೆಂಡತಿ ಪಾಠ ಮಾಡಿದ ಕೋಣೆ.

ಬಾಗಿಲಲ್ಲೇ ನಿಂತೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಸಾರ್, ನೀವು ನಮ್ ಟೀಚರ್ ಮನೆಯವ್ರಾ?"

"ಹೂಂ."

ಅವಳು ಹಿಂದಕ್ಕೆ ತಿರುಗಿ ಕೂಗಿದಳು. "ನೋಡ್ರೇ, ಟೀಚರ್ ಹೇಳಿರ್ಲಿಲ್ವಾ? ನಮ್ಮನೆ ಮೇಷ್ಟ್ರು ಈ ಶಾಲೆಗೆ ಬಂದೇ ಬತ್ತಾರೆ, ಆದ್ರೆ ಎಲ್ಲಾದಕ್ಕೂ ಲೇಟು ಅಂತ!"

ಇಡೀ ಕ್ಲಾಸು ನಕ್ಕಿತು. ಅವರೆಲ್ಲ ನಕ್ಕು ಮುಗಿಸಿದ ಮೇಲೆ, ಎಂದಿನಂತೆ ತಡವಾಗಿ, ನಾನೂ ನಕ್ಕು ಒಳಗೆ ಹೋದೆ.